ಶಿವರಾತ್ರಿಯ ಬೆರಳು, ಯುಗಾದಿಯ ಬೆರಳು

ಮೊನ್ನೆ ಸಿದ್ದರಾಜುವಿನ ಸೈಟು ರಿಜಿಸ್ಟ್ರಿಗೆ ಸಾಕ್ಷಿ ಹಾಕಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದೆ. ಮಂಡಕಳ್ಳಿಯಿಂದ ಆಚೆಗೆ, ವಿಮಾನ ಇಳಿಯುವಾಗ ನೆತ್ತಿಯ ಮೇಲೇ ಬಂತೇನೋ ಅನ್ನಿಸುವ ಕಡೆ ಒಂದು ಸೈಟು ತೆಗೆದುಕೊಂಡಿದ್ದಾನೆ. ಅದೂ ಮೂಲೆ ಸೈಟು. ಗುಮಾಸ್ತ ಮೇಜಿನ ಮೇಲಿದ್ದ ತಗಡಿನ ಡಬ್ಬಿಯ ಮುಚ್ಚಳ ಎತ್ತಿದ. ಸ್ಟಾಂಪ್ ಪ್ಯಾಡಿನ ಇಂಕಿನ ವಾಸನೆ ಮೂಗಿಗೆ ಬಡಿಯಿತು. ಎಣ್ಣೆಯೂ ಅಲ್ಲದ, ಔಷಧಿಯೂ ಅಲ್ಲದ ವಾಸನೆ ಅದು.

"ಸಾಕ್ಷಿಯವ್ರೇ, ನಿಮ್ದು ಸೈನೋ, ಹೆಬ್ಬೆಟ್ಟೋ?" ಎಂದ ಗುಮಾಸ್ತ, ತಲೆ ಎತ್ತದೆ.

ಆ ವಾಸನೆಗೂ ಆ ಮಾತಿಗೂ ನನ್ನ ಕೈ ತಾನಾಗಿ ಜೇಬಿನೊಳಗೆ ಹೋಯಿತು. ಎಡಗೈ. ಅದರಲ್ಲಿ ಹೆಬ್ಬೆರಳಿಲ್ಲ.

ನಮ್ಮ ಕಡೆ ಓದು ಬಾರದವನನ್ನು ಹೆಬ್ಬೆಟ್ಟು ಎಂದೇ ಕರೆಯುವುದು. ಅಪ್ಪ ತೀರಿಕೊಂಡ ವರ್ಷ ಏಳನೇ ಕ್ಲಾಸಿಗೆ ನಾನು ಸ್ಕೂಲು ಬಿಟ್ಟೆ. ಆದರೆ ಅಕ್ಷರ ಬಿಡಲಿಲ್ಲ. ಕಡಕೊಳದ ಶೆಡ್ಡಿನಲ್ಲಿ ಕೆಲಸಕ್ಕಿದ್ದಷ್ಟು ದಿನವೂ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಪೇಪರು ಓದಿ ಎಲ್ಲರಿಗೂ ಹೇಳುತ್ತಿದ್ದವನು ನಾನೇ. ಪಿಯುಸಿ ಓದಿದ್ದ ಸಿದ್ದರಾಜು ಕೂಡ ಬಾಯಿಗೆ ತುತ್ತು ಹಾಕಿಕೊಂಡು, "ಓದಣ್ಣ, ನೀ ಓದಿದ್ರೆ ಕೇಳಕ್ಕೆ ಚೆಂದ," ಎನ್ನುತ್ತಿದ್ದ. ಅಂಥ ನಾನು ಒಂದು ಮಳೆಗಾಲದಲ್ಲಿ ಕೋರ್ಟಿನ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದೆ. ಕಾರಣ ಹೊಟ್ಟೆಕಿಚ್ಚು. ಬೇರೆ ಹೆಸರು ಇಟ್ಟು ಅದಕ್ಕೆ ಮರ್ಯಾದೆ ಕೊಡುವುದು ಬೇಡ.

ಮೊದಲು ಬೆರಳಿನ ಕಥೆ ಹೇಳಬೇಕು. ಪೈಪಿಗೆ ಹಾಕುವ ಕ್ಲಾಂಪು ಮಾಡುವ ಸಣ್ಣ ಶೆಡ್ಡು ನಮ್ಮದು. ಇದ್ದವರು ಏಳೇ ಜನ. ಹಾಗಾಗಿ ಇಎಸ್ಐ ಗಿಎಸ್ಐ ಏನೂ ಇರಲಿಲ್ಲ. ಪ್ರೆಸ್ಸು ನನ್ನ ಕೈಯಲ್ಲಿತ್ತು. ಪೆಡಲು ತುಳಿದರೆ ಮೇಲಿನ ಅಚ್ಚು ಬಂದು ತಗಡಿನ ಮೇಲೆ ಬೀಳಬೇಕು, ಬಗ್ಗಿಸಬೇಕು, ಮೇಲೆದ್ದು ನಿಲ್ಲಬೇಕು. ಒಂದು ತುಳಿತಕ್ಕೆ ಒಂದೇಟು. ಹಳೆಯದಾಗುತ್ತ ಬಂದ ಹಾಗೆ ಅದು ಯಾವಾಗಲಾದರೊಮ್ಮೆ ಕೇಳದೆಯೇ ಎರಡನೇ ಏಟು ಹಾಕಲು ಶುರುಮಾಡಿತು. ಹಾಕುವ ಮೊದಲು ಒಳಗೆಲ್ಲೋ ಲೊಟಕ್ ಎನ್ನುತ್ತಿತ್ತು, ನಾಲಿಗೆ ಲೊಟ್ಟೆ ಹೊಡೆದ ಹಾಗೆ. ಆ ಸದ್ದು ನನಗೆ ಗೊತ್ತು. ಕೇಳಿದ ಕೂಡಲೇ ಕೈ ಎಳೆದುಕೊಳ್ಳುತ್ತಿದ್ದೆ. ಬೇರೆಯವರಾಗಿದ್ದರೆ ರಿಪೇರಿ ಮಾಡಿಸಿ ಎನ್ನುತ್ತಿದ್ದರು. ನಾನು ಅನ್ನಲಿಲ್ಲ. ನನ್ನನ್ನು ಬಿಟ್ಟು ಇನ್ನೊಬ್ಬನಿಗೆ ಬಗ್ಗದ ಮಿಷನ್ನು ಎಂಬುದು ನನಗೆ ಹೆಮ್ಮೆಯಾಗಿತ್ತು.

ಶಿವರಾತ್ರಿ ಕಳೆದ ಮಾರನೇ ದಿನ ಪಕ್ಕದ ಶೆಡ್ಡಿನಲ್ಲಿ ಯಾರೋ ಕಬ್ಬಿಣ ಕೊಯ್ಯುತ್ತಿದ್ದರು. ಆ ಗದ್ದಲದಲ್ಲಿ ಲೊಟಕ್ ಕೇಳಿಸಲಿಲ್ಲ. ಎಡಗೈ ಹೆಬ್ಬೆರಳು ಬುಡದಿಂದ ಹೋಯಿತು, ತೋರುಬೆರಳು ಅರ್ಧಕ್ಕೆ.

ಆಸ್ಪತ್ರೆಗೆ ಬಂದ ಮಾಲೀಕರು ಮಂಚದ ಪಕ್ಕ ನಿಂತು ಕೇಳಿದರು. "ಮಹದೇವಪ್ಪ, ಮಿಷನ್ನಲ್ಲಿ ಏನಾದ್ರೂ ತೊಂದ್ರೆ ಇತ್ತಾ? ಹೇಳು, ತೋರಿಸ್ಬುಡಣ."

"ಇಲ್ಲ ಸಾರ್. ಜಾಗರಣೆ ಮಾಡಿ ನಿದ್ದೆಗಣ್ಣಲ್ಲಿದ್ದೆ. ಮಿಷನ್ ಸರಿಗೇ ಇದೆ," ಎಂದೆ.

ಜಾಗರಣೆ ಮಾಡಿರಲಿಲ್ಲ. ಹತ್ತು ಗಂಟೆಗೇ ಮಲಗಿದ್ದೆ. ಮಿಷನ್ನು ನನ್ನನ್ನು ಸೋಲಿಸಿತು ಅನ್ನುವುದಕ್ಕಿಂತ ನಿದ್ದೆ ಸೋಲಿಸಿತು ಅನ್ನುವುದು ಹಗುರ ಎನಿಸಿತು. ಬಹಳ ಚೆನ್ನಾಗಿ ಹೇಳಿದೆ. ಎಲ್ಲರೂ ನಂಬಿದರು.

ಪ್ರೆಸ್ಸು ಸಿದ್ದರಾಜುವಿನ ಪಾಲಿಗೆ ಬಂತು. ಸರಿಯಾಗಿ ಐದು ವಾರ. ಯುಗಾದಿ ಹಬ್ಬ ಮುಗಿಸಿಕೊಂಡು ಬಂದವನ ಬಲಗೈಯ ಎರಡು ಬೆರಳನ್ನು ಅದೇ ಎರಡನೇ ಏಟು ತೆಗೆಯಿತು. ಶಿವರಾತ್ರಿಗೆ ನನ್ನ ಬೆರಳು, ಯುಗಾದಿಗೆ ಅವನ ಬೆರಳು.

ಮಾಲೀಕರು ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿಕೊಂಡು, "ಕೇಸು ಗೀಸು ಅಂತ ಹೋಗ್ಬೇಡಿ. ಈ ಶೆಡ್ಡಿರೋವರೆಗೂ ನಿಮಗೆ ಕೆಲಸ ಇದ್ದೇ ಇರ್ತದೆ," ಎಂದರು. ಅವರ ಮೇಲೆ ದೂರಿಲ್ಲ, ಮಾತಿನಂತೆ ನಡೆದುಕೊಂಡರು. ಎಣಿಸುವುದು, ಪ್ಯಾಕು ಮಾಡುವುದು, ಲೋಡು ನೋಡಿಕೊಳ್ಳುವುದು ನಮ್ಮ ಕೆಲಸ. ಪ್ರೆಸ್ಸು ರಿಪೇರಿಯಾಯಿತು. ಲಾಕ್‌ಡೌನು ಬಂತು, ಹೋಯಿತು, ಮತ್ತೆ ಬಂತು. ಎರಡನೇ ಸಲ ಬಂದಾಗ ಶೆಡ್ಡೇ ಹೋಯಿತು. ಶೆಡ್ಡಿರುವವರೆಗೆ ಎಂಬ ಮಾತೂ ಅದರ ಜೊತೆಗೇ ಮುಗಿಯಿತು.

ಆ ಮಳೆಗಾಲದ ಮಾತು ನಾನು ಹೇಳಹೊರಟಿದ್ದು. ಮೈಸೂರಿನ ಮಳೆ ಹೊಡೆದು ಬೀಳುವುದಿಲ್ಲ. ಆಷಾಢದ ಗಾಳಿಯ ಜೊತೆ ಹನಿ ಹನಿಯಾಗಿ ಬಂದು ಬಟ್ಟೆ ಒಣಗಲು ಬಿಡುವುದಿಲ್ಲ, ಅಷ್ಟೆ. ಇಬ್ಬರಿಗೂ ಕೆಲಸವಿಲ್ಲ. ಒಂದೇ ವಠಾರ, ಎದುರುಬದುರು ಬಾಗಿಲು. ಬೆಳಿಗ್ಗೆ ಎದ್ದರೆ ಅವನ ಮುಖ ನನಗೆ, ನನ್ನ ಮುಖ ಅವನಿಗೆ. ಅವನು ಬಾಗಿಲಲ್ಲಿ ಕೂತು ಮೂರು ಬೆರಳಲ್ಲಿ ಮಗಳ ಜಡೆ ಹೆಣೆಯುತ್ತಿದ್ದ, ಹಾಡು ಬೇರೆ. ಬೆರಳು ಹೋದವನಿಗೆ ಹಾಡು ಹೇಗೆ ಬರುತ್ತದೆ ಎಂದು ನನಗೆ ಮೈ ಉರಿಯುತ್ತಿತ್ತು.

ಅವನ ಭಾಮೈದುನನಿಗೆ ಕುವೆಂಪುನಗರದಲ್ಲಿ ಒಬ್ಬರು ಲಾಯರಮ್ಮ ಗೊತ್ತಿದ್ದರು. "ಬಾಣ್ಣ, ಇಬ್ರೂ ಹೋಗ್ಬರಣ," ಎಂದು ಸ್ಕೂಟರ್ ತೆಗೆದ. ಅವನು ಓಡಿಸುವುದು, ನಾನು ಹಿಂದೆ ಕೂತು ಕೊಡೆ ಹಿಡಿಯುವುದು. "ನಿನ್ ಎಡಗೈದು ನಂಗಿದೆ, ನನ್ ಬಲಗೈದು ನಿಂಗಿದೆ. ಇಬ್ರುನ್ನೂ ಸೇರ್ಸುದ್ರೆ ಒಬ್ಬ ಪೂರ್ತಿ ಮನ್ಸ ಕಣಣ್ಣ," ಎಂದು ನಕ್ಕ. ನನಗೆ ನಗು ಬರಲಿಲ್ಲ.

ಲಾಯರಮ್ಮನ ಆಫೀಸು ಒಂದು ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿತ್ತು. ವನಜಾಕ್ಷಿ ಎಂದು ಹೆಸರು. ಮೂಗಿನ ಮೇಲೆ ಮಾಸ್ಕು, ಮಾಸ್ಕಿನ ಮೇಲೆ ಕನ್ನಡಕ, ಕನ್ನಡಕದ ತುಂಬ ಉಸಿರಿನ ಹಬೆ. ಇಬ್ಬರ ಆಸ್ಪತ್ರೆ ಚೀಟಿಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ತಾರೀಖು ನೋಡಿದರು. ಆಮೇಲೆ ಗೋಡೆಯ ಕ್ಯಾಲೆಂಡರು ನೋಡಿದರು.

"ಕೆಲಸದ ಜಾಗದಲ್ಲಿ ಪೆಟ್ಟಾದ್ರೆ ಪರಿಹಾರಕ್ಕೆ ಎರಡು ವರ್ಷದೊಳಗೆ ಅರ್ಜಿ ಹಾಕ್ಬೇಕು," ಎಂದರು. "ಸಿದ್ದರಾಜು, ನಿಮ್ಮ ಎರಡು ವರ್ಷ ಮುಗಿಯೋ ಹೊತ್ತಿಗೆ ಕೊರೊನಾ ಬಂತು. ಈ ಕಾಯಿಲೆ ಇರೋಷ್ಟು ದಿನ ಯಾರ ವಾಯಿದೆನೂ ಲೆಕ್ಕಕ್ಕೆ ಹಿಡೀಬೇಡಿ ಅಂತ ದೊಡ್ಡ ಕೋರ್ಟೇ ಹೇಳ್ಬಿಟ್ಟಿದೆ. ನಿಮಗೇನೂ ತೊಂದ್ರೆ ಇಲ್ಲ, ಇವತ್ತೇ ಹಾಕೋಣ."

"ನಂದು?" ಎಂದೆ.

"ನಿಮ್ದು ಅದಕ್ಕಿಂತ ಒಂದು ತಿಂಗಳು ಮುಂಚೆನೇ ಮುಗಿದುಹೋಗಿದೆ ಮಹದೇವಪ್ಪನೋರೇ."

ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅದೇ ಶೆಡ್ಡು, ಅದೇ ಮಿಷನ್ನು, ಅದೇ ಎರಡನೇ ಏಟು. ನಾನು ಮೊದಲು ಪೆಟ್ಟು ತಿಂದೆ ಎಂಬುದೇ ನನ್ನ ತಪ್ಪಾಯಿತು. ಊರಿಗೆಲ್ಲ ಬಂದ ಕಾಯಿಲೆ ಅವನೊಬ್ಬನಿಗೆ ಉಪಕಾರ ಮಾಡಿ ಹೋಗಿತ್ತು. ಅವನೇನು ದಿನ ಎಣಿಸಿ ಎಚ್ಚರವಾಗಿದ್ದನೇ? ಎರಡು ವರ್ಷದ ಲೆಕ್ಕ ನನಗೆ ಗೊತ್ತಿಲ್ಲದಷ್ಟೇ ಅವನಿಗೂ ಗೊತ್ತಿರಲಿಲ್ಲ. ಸುಮ್ಮನೆ ಜಡೆ ಹೆಣೆಯುತ್ತ ಕೂತಿದ್ದವನ ಬಾಗಿಲಿಗೆ ಸಮಯ ತಾನಾಗಿ ಬಂದು ನಿಂತುಕೊಂಡಿತು.

ದಾರಿ ಇಲ್ಲದೇ ಇಲ್ಲ ಎಂದರು ಲಾಯರಮ್ಮ. ವಿಳಂಬ ಮನ್ನಾ ಅರ್ಜಿ ಅಂತ ಒಂದಿದೆ. ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿದರೆ ನ್ಯಾಯಾಧೀಶರು ಸಮಯ ಹೆಚ್ಚಿಸಿಕೊಡಬಹುದು, ಕೊಡದೆಯೂ ಇರಬಹುದು. ಕೊಡದಿದ್ದರೆ ಬೆರಳಿನ ಮಾತನ್ನು ಯಾರೂ ಕೇಳುವುದೇ ಇಲ್ಲ, ಬಾಗಿಲಲ್ಲೇ ವಾಪಸು. "ಯಾಕೆ ತಡ ಆಯ್ತು, ಹೇಳಿ."

ನಾನು ಸಿದ್ದರಾಜುವಿನ ಕಡೆ ನೋಡಿದೆ. ಅವನು ಕಿಟಕಿಯಿಂದ ಕೆಳಗೆ, ಮಳೆಯಲ್ಲಿ ನೆನೆಯುತ್ತಿದ್ದ ತನ್ನ ಸ್ಕೂಟರನ್ನು ನೋಡುತ್ತಿದ್ದ. ನಿಜವಾದ ಕಾರಣ ನನ್ನ ನಾಲಿಗೆಯ ಮೇಲಿತ್ತು. ಕೇಸು ಹಾಕಿದರೆ ಮಿಷನ್ನು ಕೆಟ್ಟಿತ್ತು ಎನ್ನಬೇಕು. ಕೆಟ್ಟಿತ್ತು ಎಂದರೆ ಸರಿಯಿದೆ ಎಂದವನು ಯಾರು ಎಂಬ ಮಾತು ಬರುತ್ತದೆ. ಅವನ ಬೆರಳಿಗೆ ನಾನು ಜವಾಬು ಹೇಳಬೇಕಾಗುತ್ತದೆ. ಅದಕ್ಕೆ ಹೆದರಿ ಸುಮ್ಮನಿದ್ದೆ. ಅವನ ಎದುರಿಗೆ ಇದನ್ನು ಹೇಗೆ ಹೇಳಲಿ? "ಗೊತ್ತಾಗ್ಲಿಲ್ಲ ಮೇಡಂ," ಎಂದೆ.

"ಎಷ್ಟನೇ ಕ್ಲಾಸು ಓದಿದ್ದೀರಿ?"

"ಏಳು."

"ಅನಕ್ಷರಸ್ಥ ಅಂತ ಬರೀತೀನಿ. ಕಾನೂನು ತಿಳೀಲಿಲ್ಲ ಅನ್ನೋಕೆ ಗಟ್ಟಿಯಾಗುತ್ತೆ. ಸೈನ್ ಬೇಡ, ಹೆಬ್ಬೆಟ್ಟು ಒತ್ತಿ ಸಾಕು."

ನಾನು ಎದ್ದು ಬಂದುಬಿಟ್ಟೆ. ಮೆಟ್ಟಿಲಲ್ಲಿ ಸಿದ್ದರಾಜು ಹಿಂದೆ ಓಡಿಬಂದ. "ಅಯ್ಯೋ ಅಣ್ಣ, ಕಾಗದದ ಮ್ಯಾಲೆ ತಾನೆ? ಒತ್ಬುಡು ಅತ್ಲಾಗೆ."

"ನಿಂಗೇನೋ, ಸೈನ್ ಹಾಕಿ ಮೀಸೆ ತಿರುವ್ಕೊಂಡ್ ಬರ್ತೀಯ. ಹೆಬ್ಬೆಟ್ಟು ನಾನಲ್ವಾ?"

ಅವನು ಮುಂದೆ ಹೋಗಿ ಸ್ಕೂಟರ್ ತೆಗೆದ.

ಒಂದು ತಿಂಗಳು ಹಾಗೇ ಕಳೆಯಿತು. ಅವನ ಅರ್ಜಿಗೆ ನಂಬರು ಬಿತ್ತು. ಅವನ ಹೆಂಡತಿ ಕೊಳಾಯಿಯ ಹತ್ತಿರ ಅದನ್ನೇ ಹೇಳುತ್ತಿದ್ದಳು. ನನ್ನ ಹೆಂಡತಿ ಗೌರಿ ಕೊಡ ಇಳಿಸುತ್ತ ಶುರುಮಾಡಿದಳು. "ಏನ್ರೀ, ನಿಮ್ಮ ಅಕ್ಷರನ ಬೇಯಿಸಿ ಹಾಕ್ಲಾ ಇವತ್ತು? ಎಸರು ಕುದೀತಾ ಐತೆ."

"ಸುಮ್ನಿರು ಗೌರಿ."

"ಇರ್ತೀನಿ ಬುಡಿ. ಅವ್ರ ಮನೇಲಿ ಅವ್ರು ಮಾತಾಡ್ತಾರೆ, ನಮ್ಮನೇಲಿ ನಾವು ಸುಮ್ನಿರಣ."

ಅವಳ ಮಾತಿಗೆ ನಾನು ಸೋಲಲಿಲ್ಲ. ಸೋತದ್ದು ಇನ್ನೊಂದಕ್ಕೆ. ಮಾರನೇ ಬೆಳಿಗ್ಗೆ ಸಿದ್ದರಾಜು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೋರ್ಟಿಗೆ ಹೊರಟ. ಬಾಗಿಲಲ್ಲಿ ನಿಂತು ಮೂರು ಬೆರಳಿನಲ್ಲೇ ತಲೆ ಬಾಚಿಕೊಂಡ. ಆ ಅಂಗಿ, ಆ ಬಾಚಿದ ತಲೆ, ಎಲ್ಲೋ ಒಂದು ಕಡೆ ತನ್ನ ಹೆಸರು ಕೂಗುತ್ತಾರೆ ಎಂಬ ಆ ಗತ್ತು. ನನ್ನನ್ನು ಯಾರೂ ಕೂಗುವುದಿಲ್ಲ. ಅವನು ತಿರುವು ದಾಟುವ ಮೊದಲೇ ನಾನು ಅಂಗಿ ಹುಡುಕುತ್ತಿದ್ದೆ.

ಆಫೀಸಿನ ಮೆಟ್ಟಿಲಲ್ಲಿ ಕಾದು ಕೂತೆ. ಕೋರ್ಟಿನಿಂದ ಬಂದ ಲಾಯರಮ್ಮ ಏನೂ ಕೇಳಲಿಲ್ಲ. ಟೈಪಾದ ಕಾಗದ ಮುಂದಿಟ್ಟರು. ಅದನ್ನು ಓದಬಾರದು ಎಂದುಕೊಂಡೇ ಓದಿದೆ. 'ಅರ್ಜಿದಾರನು ಅನಕ್ಷರಸ್ಥನಾಗಿದ್ದು.' ಕಾಗುಣಿತ ಸರಿಯಾಗಿತ್ತು. ಸ್ಟಾಂಪ್ ಪ್ಯಾಡಿನ ಮುಚ್ಚಳ ತೆಗೆದರು. ರೂಢಿಯಂತೆ ಒತ್ತಬೇಕಾದದ್ದು ಎಡಗೈಯದು. ಅದು ಕಡಕೊಳದಲ್ಲೇ ಹೋಯಿತಲ್ಲ. ಬಲಗೈಯದು ಒತ್ತಿದೆ. ಇಂಕು ಮೂರು ದಿನ ಹೋಗಲಿಲ್ಲ. ಆ ಮೂರು ದಿನವೂ ಹೆಬ್ಬೆರಳು ಮಡಚಿಕೊಂಡೇ ಊಟ ಮಾಡಿದೆ.

ನನ್ನ ಅರ್ಜಿಯ ವಿಚಾರಣೆ ಗಣಪತಿ ಹಬ್ಬ ಕಳೆದ ಮೇಲೆ ಬಂತು. ಹೊರಗೆ ಸೋನೆ, ಒಳಗೆ ಒದ್ದೆ ಕರಿಕೋಟುಗಳ ವಾಸನೆ. ಸಿದ್ದರಾಜು ಸಾಕ್ಷಿಗೆ ಬಂದಿದ್ದ. ಕೆಲಸ ಇದ್ದೇ ಇರುತ್ತದೆ ಎಂದು ಮಾಲೀಕರು ಇಬ್ಬರಿಗೂ ಮಾತು ಕೊಟ್ಟಿದ್ದರು ಎಂದು ಹೇಳಲು ಲಾಯರಮ್ಮ ಕರೆಸಿದ್ದರು. ಮೊದಲು ಅವನ ಸರದಿ. ಏನು ಮಾತು ಅವನದು! ಅಂಜಿಕೆಯಿಲ್ಲ, ತಡವರಿಕೆಯಿಲ್ಲ, ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ನ್ಯಾಯಾಧೀಶರು ಪೆನ್ನು ನಿಲ್ಲಿಸಿ ಕೇಳಿದರು. ನನಗೋಸ್ಕರ ಹೇಳುತ್ತಿದ್ದಾನೆ ಎಂದು ಗೊತ್ತಿದ್ದೂ ನನಗೆ ಒಳಗೊಳಗೇ ಬೇಯುತ್ತಿತ್ತು. ಅವನಿಗೆ ಪ್ರೆಸ್ಸು ಕಲಿಸಿದವನು ನಾನು. ಈ ಕೆಲಸ ಅವನಿಗೆ ಯಾರು ಕಲಿಸಿದರು?

ಆಮೇಲೆ ನನ್ನನ್ನು ಕೂಗಿದರು. ಮಾಲೀಕರ ಕಡೆಯ ವಕೀಲರು ವಯಸ್ಸಾದವರು, ಮೆತ್ತಗೆ ಮಾತಾಡುವವರು.

"ಓದೋಕೆ ಬರಲ್ವಾ ಮಹದೇವಪ್ಪ?"

"ಇಲ್ಲ ಸ್ವಾಮಿ."

"ಒಂದಕ್ಷರಾನೂ?"

"ಇಲ್ಲ."

"ಆಗ್ಲಿ, ಬೇಜಾರಿಲ್ಲ. ಇದನ್ನ ಸ್ವಲ್ಪ ಹಿಡ್ಕೊಳ್ಳಿ," ಎಂದು ಒಂದು ಕಾಗದ ಕೊಟ್ಟು, ಬೇರೇನೋ ಹುಡುಕುವವರಂತೆ ಫೈಲಿನ ಕಡೆ ತಿರುಗಿದರು.

ನಾನು ಹಿಡಿದುಕೊಂಡೆ. ಲಾಯರಮ್ಮ ಹಣೆಗೆ ಕೈ ಹಚ್ಚಿದ್ದನ್ನು ಕಂಡ ಮೇಲೆಯೇ ನಾನು ಏನು ಮಾಡಿದ್ದೆ ಎಂದು ಗೊತ್ತಾದದ್ದು. ವಕೀಲರು ಕಾಗದವನ್ನು ತಲೆಕೆಳಗಾಗಿ ಕೊಟ್ಟಿದ್ದರು. ನಾನು ಅದನ್ನು ತಿರುಗಿಸಿ, ನೆಟ್ಟಗೆ ಹಿಡಿದು ನಿಂತಿದ್ದೆ.

ನ್ಯಾಯಾಧೀಶರು ಮುಂದಕ್ಕೆ ಬಾಗಿದರು. "ಪ್ರಮಾಣ ಮಾಡಿ ಸುಳ್ಳು ಹೇಳಿದ್ರೆ ಏನಾಗುತ್ತೆ ಗೊತ್ತೇನ್ರೀ?"

"ಗೊತ್ತು ಸ್ವಾಮಿ. ಏಳನೇ ಕ್ಲಾಸು ಓದಿದ್ದೀನಿ. ದಿನಾ ಪೇಪರ್ ಓದ್ತೀನಿ."

"ಹಾಗಾದ್ರೆ ಇದ್ಯಾಕೆ ಹೀಗೆ ಬರೆಸಿದ್ರಿ?"

"ನನ್ನ ಜೊತೆಯವನ ಅರ್ಜಿ ತಗೊಂಡ್ರಿ, ನಂದು ತಗೊಳ್ಳಲ್ಲ ಅಂದ್ರು. ಹೊಟ್ಟೆ ಉರೀತು, ಒತ್ಬುಟ್ಟೆ."

ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. "ತಡ ಆಗಿದ್ದಕ್ಕೆ ನಿಜವಾದ ಕಾರಣ ಏನು? ಈಗ್ಲಾದ್ರೂ ಹೇಳಿ."

ಸಿದ್ದರಾಜು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದ. ನಾನು ಅವನ ಕಡೆ ನೋಡಲಿಲ್ಲ. ಮಿಷನ್ನು ಎರಡನೇ ಏಟು ಹಾಕುವುದು ನನಗೆ ಮೊದಲೇ ಗೊತ್ತಿತ್ತು ಎಂದೆ. ನನ್ನ ಬೆರಳು ಹೋದಾಗಲೂ ನಿದ್ದೆಗಣ್ಣು ಎಂದು ಸುಳ್ಳು ಹೇಳಿದೆ ಎಂದೆ. "ಅದಾದ ಐದು ವಾರಕ್ಕೆ ಅವನ ಬೆರಳು ಹೋಯ್ತು. ಕೇಸು ಹಾಕಿದ್ರೆ ಮಿಷನ್ ಕೆಟ್ಟಿತ್ತು ಅನ್ಬೇಕಾಗ್ತಿತ್ತು. ಅವನ ಮುಖ ನೋಡಕ್ಕಾಗಲ್ಲ ಅಂತ ಹಾಕ್ಲಿಲ್ಲ ಸ್ವಾಮಿ."

ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ ಮಹದೇವಪ್ಪ. ಈ ಕಾನೂನಿಗೆ ಮಿಷನ್ ಕೆಟ್ಟಿತ್ತೋ, ನೀವು ತೂಕಡಿಸ್ತಿದ್ರೋ, ಅದ್ಯಾವುದೂ ಬೇಕಾಗಿಲ್ಲ. ಕೆಲಸ ಮಾಡ್ತಾ ಬೆರಳು ಹೋಯ್ತು. ಅಷ್ಟು ಸಾಕು. ಯಾರೂ ನಿಮ್ಮನ್ನ ಆ ಪ್ರಶ್ನೆ ಕೇಳ್ತಾನೇ ಇರ್ಲಿಲ್ಲ."

ಮೂರು ವರ್ಷಕ್ಕೂ ಮೇಲೆ ನಾನು ಹೊತ್ತುಕೊಂಡು ತಿರುಗಿದ್ದ ಪ್ರಶ್ನೆ. ಯಾರೂ ಕೇಳುತ್ತಲೇ ಇರಲಿಲ್ಲವಂತೆ.

ಆ ಹೆಬ್ಬೆಟ್ಟಿನ ಕಾಗದ ವಾಪಸು ತೆಗೆದುಕೊಂಡು, ನಿಜ ಬರೆದು, ಸೈನು ಹಾಕಿ ಕೊಡಲು ಹೇಳಿದರು. ಸುಳ್ಳಿಗೆ ದಂಡ ಹಾಕಿದರು, ಲಾಯರಮ್ಮನನ್ನೂ ಎಲ್ಲರ ಮುಂದೆ ಗದರಿದರು. ದಸರಾ ರಜೆ ಮುಗಿದ ಮೇಲೆ ಆದೇಶ ಬಂತು. ಮಾಲೀಕರ ಭರವಸೆ ನಂಬಿದ್ದೂ, ಕಾನೂನನ್ನು ತಪ್ಪು ತಿಳಿದಿದ್ದೂ ತಕ್ಕ ಕಾರಣವೇ ಎಂದು ಒಪ್ಪಿ ತಡವನ್ನು ಮನ್ನಾ ಮಾಡಿದ್ದರು. ತಡ ಮಾಡಿದ ದಿನಗಳಿಗೆ ಮಾತ್ರ ಪರಿಹಾರದ ಮೇಲೆ ಬಡ್ಡಿ ಇಲ್ಲ. ಸಿದ್ದರಾಜುವಿಗೆ ಪೂರ್ತಿ. ಅಲ್ಲೂ ಅವನದೇ ಮೇಲು.

ಆದರೆ ನನಗೆ ನೆನಪಿರುವುದು ಆದೇಶವಲ್ಲ, ವಿಚಾರಣೆಯ ಆ ದಿನದ ಹೊರಬಾಗಿಲು. ಸೋನೆ ನಿಂತಿರಲಿಲ್ಲ. ಸಿದ್ದರಾಜು ಸ್ಕೂಟರಿನ ಸೀಟು ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವನು ಕೈ ಎತ್ತಿದ್ದರೆ ಹೊಡೆಸಿಕೊಳ್ಳುತ್ತಿದ್ದೆ.

"ನಂಗೊತ್ತಿತ್ತು ಕಣಣ್ಣ," ಎಂದ.

"ಏನು?"

"ಅದು ಎರಡೇಟು ಹಾಕ್ತದೆ ಅಂತ. ನೀನು ಕೈ ಎಳ್ಕೊಳದು ಒಂದಿನವಾ ಎರಡ್ದಿನವಾ ನೋಡಿದ್ದು? ಲೊಟಕ್ ಅನ್ನದೂ ನಂಗೊತ್ತಿತ್ತು. ಮಾದೇವಣ್ಣ ಓಡ್ಸಿದ್ ಮಿಷನ್ನ ನಾನು ಓಡ್ಸಕ್ಕಾಗಲ್ವಾ ಅಂತ ಕೂತೆ." ಬಟ್ಟೆಯನ್ನು ಹಿಂಡಿ ಡಿಕ್ಕಿಯೊಳಗೆ ಹಾಕಿದ. "ಹೊಟ್ಟೆಕಿಚ್ಚು ನಿನಗೊಬ್ಬನಿಗೇ ಬರದಾ? ಕೂತ್ಕೊ, ಮಳೆ ಜಾಸ್ತಿ ಆಯ್ತದೆ."

ನಾನು ಕೂತು ಕೊಡೆ ಬಿಚ್ಚಿದೆ.

ಈಗ ನಾನು ಕುವೆಂಪುನಗರದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಕ್ಲಾಂಪು ಮಾರುತ್ತೇನೆ, ಕೈಗೆತ್ತಿಕೊಂಡರೆ ಸಾಕು, ಒಂದೇಟಿನದೋ ಎರಡೇಟಿನದೋ ಹೇಳುತ್ತೇನೆ. ಎರಡನೇ ಏಟು ಬಿದ್ದದ್ದರ ಅಂಚಿನಲ್ಲಿ ಒಂದು ಸಣ್ಣ ಗೆರೆ ಇರುತ್ತದೆ. ಆ ದಿನ ಸಿದ್ದರಾಜು ಹೇಳಿದ ಮಾತಿನಲ್ಲಿ ಅಂಥ ಗೆರೆಯನ್ನು ಎಷ್ಟೋ ಸಲ ಹುಡುಕಿದ್ದೇನೆ. ಆ ಲೊಟಕ್ ಸದ್ದು ಅವನಿಗೆ ನಿಜವಾಗಿ ಗೊತ್ತಿತ್ತೋ, ಅಥವಾ ಕೋರ್ಟಿನಲ್ಲಿ ನಾನು ಹೇಳಿದ್ದನ್ನು ಕೇಳಿಸಿಕೊಂಡು ಮಳೆಯಲ್ಲಿ ನಿಂತು ಹೊಸದಾಗಿ ಕಟ್ಟಿದನೋ? ಸದ್ದಿನ ಮಾತನ್ನು ನಾನು ನ್ಯಾಯಾಧೀಶರ ಮುಂದೆ ಹೇಳಿದೆನೋ ಇಲ್ಲವೋ, ಅದೇ ಈಗ ನನಗೆ ಸರಿಯಾಗಿ ನೆನಪಿಲ್ಲ. ಅವನನ್ನು ಕೇಳಿಲ್ಲ. ಕೇಳಿದರೆ ಹಾಡು ಗುನುಗುತ್ತಾನೆ.

"ಯಜಮಾನ್ರೇ, ಸೈನೋ, ಹೆಬ್ಬೆಟ್ಟೋ?" ಗುಮಾಸ್ತ ಎರಡನೇ ಸಲ ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಸಿದ್ದರಾಜು ಪೆನ್ನು ಕೊಟ್ಟ. "ನಮ್ಮಣ್ಣನ ಅಕ್ಷರ ನೋಡಿಲ್ಲ ನೀವು ಸಾರ್. ಅಚ್ಚು ಹೊಡ್ದಂಗೆ."

ನಿಧಾನವಾಗಿ, ಪೂರ್ತಿ ಹೆಸರು ಬರೆದೆ. ಒತ್ತಕ್ಷರದ ಬಾಲವನ್ನೂ ಬಿಡಲಿಲ್ಲ. ಕೊಳ್ಳುವವರು ಸೈನಿನ ಜೊತೆ ಹೆಬ್ಬೆಟ್ಟನ್ನೂ ಒತ್ತಬೇಕಂತೆ. ಪಕ್ಕದಲ್ಲಿ ಅವನು ತನ್ನ ಎಡಗೈ ಹೆಬ್ಬೆರಳನ್ನು ಪ್ಯಾಡಿನ ಮೇಲೆ ಹೊರಳಿಸಿ ಕಾಗದಕ್ಕೆ ಒತ್ತುತ್ತಿದ್ದ. ಗುಂಡನೆಯ, ಸುತ್ತು ಸುತ್ತು ಗೆರೆಯ, ಪೂರ್ತಿ ಹೆಬ್ಬೆಟ್ಟು. ಹೊಟ್ಟೆಯಲ್ಲಿ ಹಳೆಯದೇ ಜಾಗದಲ್ಲಿ ಹಳೆಯದೇ ಕಿಚ್ಚು ಎದ್ದಿತು. ಬೆರಳಿಗಲ್ಲ, ಮೂಲೆ ಸೈಟಿಗೂ ಅಲ್ಲ. ನಾನು ಚೆನ್ನಾಗಿ ಹೇಳಿದ ಒಂದೇ ಒಂದು ಸುಳ್ಳು ಅವನ ಎರಡು ಬೆರಳು ತಿಂದಿತು. ಅವನು ಮಳೆಯಲ್ಲಿ ನಿಂತು ಹೇಳಿದ್ದು ಸುಳ್ಳೇ ಆಗಿದ್ದರೆ, ಅದರ ಮೇಲೆ ನಾನು ಇವತ್ತಿಗೂ ಬದುಕಿದ್ದೇನೆ. ಅಂಥ ಸುಳ್ಳು ಹೇಳುವುದು ನನಗೆ ಬರಲಿಲ್ಲವಲ್ಲ.